ಏಳನೇ ಇನಿಂಗ್ಸ್‌ನ ಚೀಟಿ

ಶವಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಶನಿವಾರ ಗೆದ್ದ ಪಂದ್ಯದ ಚೆಂಡನ್ನು ತಂದಿಟ್ಟಾಗ ವೆರೋನಿಕಾ ಅಲ್ಲಿಂದ ದೂರ ಸರಿದಳು. ತಂದಿಟ್ಟವನು ಅವಳ ಹೆತ್ತ ಅಪ್ಪ ಬಾಬಿಯಾಕ್. ಪೆಟ್ಟಿಗೆಯಲ್ಲಿ ಮಲಗಿದ್ದವಳು ಅವಳ ಅತ್ತೆ ಜುಜಾನಾ. ಸಾವಿನ ಮನೆಯ ಪದ್ಧತಿಯಂತೆ ಕನ್ನಡಿಗೆ ಬಟ್ಟೆ ಮುಚ್ಚಿತ್ತು, ಗಡಿಯಾರ ನಿಲ್ಲಿಸಿದ್ದರು. ಆದರೆ ನೆರೆದ ಗಣಿ ಕೆಲಸಗಾರರ ಕಣ್ಣೆಲ್ಲ ಚೆಂಡಿನ ಮೇಲೆ. ತಾಯಿ ಸತ್ತ ಮನೆಯಲ್ಲಿ ಮಗನ ಬೆನ್ನು ತಟ್ಟುತ್ತಾರಲ್ಲ... ಥೂ, ಇವರಿಗೆ ನಾಚಿಕೆಯೆಂಬುದು ಇತ್ತೇ!

ಮಗ ಸ್ಟೆಫಾನ್, ವೆರೋನಿಕಾಳ ಗಂಡ, ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವ ಪಿಚರ್. ಪೆನ್ಸಿಲ್ವೇನಿಯಾದ ಆ ಊರಲ್ಲಿ ಕಲ್ಲಿದ್ದಲು ಅಗೆಯಬೇಕಿದ್ದ ಅವನ ಬಲಗೈಗೆ ತಾಯಿಯೇ ಬಿಸಿ ಉಪ್ಪಿನ ಶಾಖ ಕೊಟ್ಟು ಜೋಪಾನ ಮಾಡಿದ್ದಳು. ಏಳು ವರ್ಷ ಸಣ್ಣ ತಂಡಗಳ ಜೊತೆ ಬಸ್ಸಿನಲ್ಲಿ ಅಲೆದವನಿಗೆ ಶನಿವಾರ ಮಧ್ಯಾಹ್ನ ಅದೃಷ್ಟ ಕಣ್ಣು ಬಿಟ್ಟಿತ್ತು. ಅವನ ಎಸೆತವನ್ನು ಬಾರಿಸಿ ಓಡುವ ಒಂದೇ ಒಂದು ಹಿಟ್ ಎದುರಾಳಿಗಳಿಗೆ ಸಿಕ್ಕಿರಲಿಲ್ಲ. ಹಾಗೆಯೇ ಒಂಬತ್ತು ಇನಿಂಗ್ಸ್ ಮುಗಿಸಿದರೆ ದೊಡ್ಡ ನಗರದ ತಂಡದಿಂದ ಕರೆ ಖಚಿತ. ಅಂಥ ಹೊತ್ತಿನಲ್ಲಿ ಪಿಚರನನ್ನು ಯಾರೂ ಮಾತಾಡಿಸಬಾರದು, ಮಾತಾಡಿಸಿದರೆ ಅದೃಷ್ಟ ಕೆಡುತ್ತದೆ ಎಂಬುದು ಆಟಗಾರರ ನಂಬಿಕೆ. ಸೋಂಕು ತಗುಲಿದವನಂತೆ ಅವನನ್ನು ಬೆಂಚಿನ ತುದಿಯಲ್ಲಿ ಒಂಟಿಯಾಗಿ ಬಿಟ್ಟು ಉಳಿದವರು ಮುಖ ತಿರುಗಿಸುತ್ತಾರೆ.

ಏಳನೇ ಇನಿಂಗ್ಸ್ ನಡೆಯುವಾಗ ವೆರೋನಿಕಾ ಮೈದಾನದ ಕಚೇರಿಗೆ ಫೋನ್ ಮಾಡಿದ್ದಳು. ಅತ್ತೆಗೆ ಮೇಲುಸಿರು ಹತ್ತಿತ್ತು. ಮಗನ ಹೆಸರನ್ನೇ ಬಡಬಡಿಸುತ್ತಿದ್ದಳು. ಮೈದಾನದಿಂದ ಮನೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಫೋನ್ ಎತ್ತಿದ್ದು ಅಲ್ಲೇ ಠಿಕಾಣಿ ಹೂಡಿದ್ದ ಬಾಬಿಯಾಕ್. ಈಗಲೇ ಹೇಳುತ್ತೇನೆಂದು ಮಾತು ಕೊಟ್ಟಿದ್ದ. ಒಂಬತ್ತೂ ಇನಿಂಗ್ಸ್ ಹಾಗೆಯೇ ಮುಗಿಸಿದ ಸ್ಟೆಫಾನ್ ಬಂದದ್ದು ತಾಯಿ ತೀರಿಕೊಂಡು, ಪಾದ್ರಿ ಬಂದು ಹೋದ ಮೇಲೆ, ಬಿಯರ್ ವಾಸನೆ ಹೊತ್ತುಕೊಂಡು.

“ನೀನು ಹೇಳ್ಲೇ ಇಲ್ಲ ಅಲ್ವಾಪ್ಪಾ?” ಈಗ ವೆರೋನಿಕಾ ಎಲ್ಲರೆದುರು ಕೇಳಿದಳು. “ಬಾಗಿಲನ್ನೇ ನೋಡ್ತಾ ಪ್ರಾಣ ಬಿಟ್ರು ಅವರು. ನಿನ್ನ ಮಗಳು ಅಂತ ಹೇಳ್ಕೊಳ್ಳೋಕೂ ಅಸಹ್ಯ ಆಗುತ್ತೆ.”

ಬಾಬಿಯಾಕ್ ಮಾಂಸ ತುಂಬಿದ ಕೋಸಿನ ಸುರುಳಿಯನ್ನು ಅಗಿಯುತ್ತಲೇ ಇದ್ದ. “ಬೈಯೋದಾದ್ರೆ ಸರಿಯಾದವರಿಗೆ ಬೈಯಿ ಮಗಳೇ. ಚೀಟಿ ಬರ್ಕೊಂಡು ಬೆಂಚಿನ ಹತ್ರಾನೇ ಹೋಗಿದ್ದೆ. ನಿನ್ನ ಗಂಡ ನನ್ನ ಕೈಲಿದ್ದ ಚೀಟಿ ನೋಡ್ದ, ನನ್ನ ಮುಖ ನೋಡ್ದ, ಬಾಯಿ ಬಿಡ್ಬೇಡ ಅಂತ ಕೈ ಅಡ್ಡ ಹಿಡ್ದ. ಬೇಕಾದ್ರೆ ಕೇಳು.”

ಅವಳು ಗಂಡನತ್ತ ನೋಡಿದಳು. ಸ್ಟೆಫಾನ್ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತಿದ್ದ.

“ಅಮ್ಮನ ವಿಷ್ಯಾನೇ ಅಂತ ಗೊತ್ತಿತ್ತು,” ಎಂದ. “ಇನ್ನು ಆರೇ ಜನ ಔಟಾಗ್ಬೇಕಿತ್ತು ವೆರಾ... ಅವಳು ಕಾಯ್ತಾಳೆ ಅಂದ್ಕೊಂಡೆ.”

ಅಪ್ಪನ ಮೇಲಿದ್ದ ಹೇಸಿಗೆಯೆಲ್ಲ ಗಂಡನ ಕಡೆ ತಿರುಗಿತು. ಊರಿಗೆ ಉಪಕಾರಿ, ಮನೆಗೆ ಮಾರಿ! ಅವನು ಅಳುತ್ತ ಚೆಂಡನ್ನು ತಾಯಿಯ ಪಕ್ಕದಲ್ಲಿಡಲು ಎದ್ದಾಗ ವೆರೋನಿಕಾ ಅದನ್ನು ಕಿತ್ತುಕೊಂಡು ಅಪ್ಪನ ತಟ್ಟೆಯ ಪಕ್ಕ ಇಟ್ಟಳು.

ದೊಡ್ಡ ತಂಡದ ಕರೆ ಸೋಮವಾರವೇ ಬಂತು. ಒಂಬತ್ತು ವರ್ಷ ಅವನು ಅಲ್ಲಿ ಆಡಿದ. ವೆರೋನಿಕಾ ಅವನನ್ನು ಬಿಟ್ಟು ಹೋಗಲಿಲ್ಲ. ಮಗನ ಕೈ ನೋಡಿಕೋ ಎಂದು ಅತ್ತೆ ಭಾಷೆ ತೆಗೆದುಕೊಂಡಿದ್ದಳಲ್ಲ. ಬಡಿಸಿದಳು, ಬಟ್ಟೆ ಇಸ್ತ್ರಿ ಮಾಡಿದಳು, ತೋಳಿಗೆ ಶಾಖ ಕೊಟ್ಟಳು. ಮಾತು ಮಾತ್ರ ಆಡಲಿಲ್ಲ. ಒಂದು ಸಂಜೆ ಅವನು ತಡೆಯಲಾರದೆ ಅಂಗಲಾಚಿದ: “ಬೈಯಾದ್ರೂ ಬೈಯಿ ವೆರಾ...”

“ಮಾತಾಡ್ಸಿದ್ರೆ ನಿನ್ನ ಅದೃಷ್ಟ ಕೆಡುತ್ತೆ,” ಎಂದಳು.

ಉಪ್ಪಿನ ಗಂಟು ಆರಿತ್ತು. ಮತ್ತೆ ಬಿಸಿ ಮಾಡಲು ಎದ್ದು ಒಳಗೆ ಹೋದಳು.