ಹತ್ತೊಂಬತ್ತು ದಿನದ ಕುಂಬಳಕಾಯಿ

ಕುಂಬಳಕಾಯಿ ಕಾಣೆಯಾಗಿತ್ತು.

ಹ್ಯಾಲೋವೀನ್ ದಿನ ಬೆಳಿಗ್ಗೆ ಲೋರ್ನಾ ಹ್ಯಾಸ್ಕೆಟ್ ಬಾಗಿಲು ತೆರೆದಾಗ ಜಗುಲಿಯ ಮೆಟ್ಟಿಲ ಮೇಲೆ ಉಳಿದಿದ್ದದ್ದು ಎರಡೇ: ಅದರ ತೊಟ್ಟಿನ ಮುಚ್ಚಳ, ಇನ್ನೂ ಹಚ್ಚದ ಮೇಣದಬತ್ತಿ.

ಅದಕ್ಕೆ ಹೆದರಿಸುವ ಮುಖ ಕೆತ್ತಿದ್ದವನು ಅವಳ ಗಂಡ ಎಮೆಟ್. ಊರಿನವರೆಲ್ಲ ಹಬ್ಬಕ್ಕೆ ಎರಡು ದಿನವಿರುವಾಗ ಚಾಕು ಹಿಡಿದರೆ, ಈ ವರ್ಷ ಅವನು ಹತ್ತೊಂಬತ್ತು ದಿನ ಮೊದಲೇ ಕೆತ್ತಿದ್ದ. ಮೂರನೆಯ ದಿನ ತೀರಿಕೊಂಡ.

"ನಾನಿಲ್ದಿದ್ರೂ ಹಬ್ಬದ ಸಂಜೆ ದೀಪ ಹಚ್ಚು ಅಂದಿದ್ದ, ಐಡಾ. ಕೇಳಿದ್ದು ಅದೊಂದೇ," ಎಂದಳು ಲೋರ್ನಾ, ಕರೆದೊಡನೆ ಬಂದವಳಿಗೆ.

ಐಡಾ ಪ್ರೆಂಟಿಸ್ ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವಳು. ಊರಿನ ಕಳವುಗಳು ಮೊದಲು ಅವಳ ಬಳಿ ಬರುತ್ತಿದ್ದವು, ಆಮೇಲೆ ಪೊಲೀಸರ ಬಳಿ.

"ಜಿಂಕೆ ತಿಂದಿರಬಹುದಾ?" ಲೋರ್ನಾ ಕೇಳಿದಳು.

"ಮುಚ್ಚಳ ತೆಗೆದು ಪಕ್ಕಕ್ಕಿಟ್ಟು ತಿನ್ನೋ ಜಿಂಕೆ ನಾನು ನೋಡಿಲ್ಲ." ಐಡಾ ಲೋರ್ನಾಳ ಮಗಳ ಕಡೆ ತಿರುಗಿದಳು. "ಟೆಸ್, ಬಿಸಾಕು ಅಂದಿದ್ದೆಯಂತೆ?"

"ಅಂದಿದ್ದೆ. ಅಪ್ಪ ಕೆತ್ತಿದ ಆ ಸೊಟ್ಟ ಹಲ್ಲು ನೋಡಿದ್ರೆ ಒಳಗೆ ಓಡಿಹೋಗ್ಬೇಕು ಅನ್ಸುತ್ತೆ. ಆದ್ರೆ ಮುಟ್ಟಿಲ್ಲ."

ಬೇಲಿಯಾಚೆ ಎಲೆ ಗುಡಿಸುತ್ತಿದ್ದ ಪಕ್ಕದ ಮನೆಯ ಗಸ್ ಡೆಲಾನೋ ಕೂಗಿದ. "ಏನಮ್ಮಾ ಸಭೆ? ಆ ಕೊಳೆತ ಕಾಯಿ ಕೊನೆಗೂ ತೊಲಗ್ತಾ?"

ಅವನ ನೀಲಿ ಜಾಕೆಟ್ಟಿನ ತೋಳು ಮೊಣಕೈವರೆಗೆ ಬಿಳಿಬಿಳಿಯಾಗಿ ಬಣ್ಣಗೆಟ್ಟಿತ್ತು. ಅವನಿಗೂ ಎಮೆಟ್‌ಗೂ ಇಪ್ಪತ್ತೆರಡು ವರ್ಷದ ಪೈಪೋಟಿ: ಯಾರ ಜಗುಲಿ ಕಂಡು ಮಕ್ಕಳು ಜೋರಾಗಿ ಕಿರುಚುತ್ತಾರೋ ಅವನು ಗೆದ್ದ. ಮೂರು ವರ್ಷದ ಹಿಂದೆ ಮೇಪಲ್ ಮರದ ಕೊಂಬೆಯೊಂದನ್ನು ಕಡಿದದ್ದಕ್ಕೆ ಮಾತು ಬಿಟ್ಟಿದ್ದರು. ಗಸ್ ಶವಸಂಸ್ಕಾರಕ್ಕೂ ಬಂದಿರಲಿಲ್ಲ.

"ಈ ವರ್ಷ ನೀವು ಕೆತ್ತಿಲ್ವಾ, ಗಸ್?" ಐಡಾ ಕೇಳಿದಳು.

"ಯಾರಿಗೆ ಕೆತ್ತೋದು?"

ಐಡಾ ಮುಚ್ಚಳ ಮೂಸಿದಳು. ಅಂಚಿನ ಮೇಲೆ ಬೆರಳಾಡಿಸಿದಳು. "ಲೋರ್ನಾ, ಇದಕ್ಕೆ ಏನಾದ್ರೂ ಸವರಿದ್ಯಾ?"

"ಮುಟ್ಟೋಕೂ ಧೈರ್ಯ ಬರ್ಲಿಲ್ಲ."

"ಹಾಗಾದ್ರೆ ನಾವು ತಪ್ಪು ಪ್ರಶ್ನೆ ಕೇಳ್ತಿದ್ದೀವಿ. ಕದ್ದದ್ದು ಯಾರು ಅನ್ನೋದು ಆಮೇಲೆ. ಕದಿಯೋಕೆ ಅದು ಉಳಿದಿತ್ತಲ್ಲ, ಹೇಗೆ? ಕೆತ್ತಿದ ಕುಂಬಳಕಾಯಿ ಒಂದು ವಾರದಲ್ಲಿ ಬೂಷ್ಟು ಹಿಡಿದು ಕುಸೀಬೇಕು. ಇದರ ಅಂಚಲ್ಲಿ ಒಣಗದ ಹಾಗೆ ಸವರಿದ ಹೊಸ ವ್ಯಾಸಲೀನ್ ಇದೆ, ಬೂಷ್ಟು ಕೊಲ್ಲೋ ಬ್ಲೀಚ್ ವಾಸನೆ ಇದೆ. ಯಾರೋ ದಿನಾ ಬಂದು ಆರೈಕೆ ಮಾಡಿದ್ದಾರೆ. ನೀನಲ್ಲ. ಟೆಸ್‌ಗೆ ನೋಡೋಕೇ ಆಗಲ್ಲ. ಮುಚ್ಚಳ ಬಿಟ್ಟು ಹೋದೋನು ವಾಪಸ್ ತರೋನೇ." ಅವಳು ಬೇಲಿಯತ್ತ ನಡೆದಳು. "ಬ್ಲೀಚ್ ನೀರಲ್ಲಿ ಅದ್ದಿದ ತೋಳು ಬಣ್ಣ ಬಿಡುತ್ತೆ, ಗಸ್. ಕದ್ದೋರು ನೀವು."

ಗಸ್ ಎಲೆ ಗುಡಿಸುವ ಕೋಲಿಗೆ ಒರಗಿ ನಿಂತ.

"ನಿನ್ನೆ ಅದರ ಗದ್ದ ಕುಸಿಯೋಕೆ ಶುರುವಾಯ್ತು. ಇಡೀ ದಿನ ಐಸ್ ನೀರಲ್ಲಿಟ್ರೆ ಬಿಗಿಯಾಗುತ್ತೆ. ಕತ್ತಲಾಗೋ ಮುಂಚೆ ತಂದಿಡೋನಿದ್ದೆ."

"ಒಂದು ಮಾತು ಕೇಳಬಾರದಿತ್ತಾ?" ಎಂದಳು ಲೋರ್ನಾ.

"ಅವನ ಮಣ್ಣಿಗೂ ಬರದವನು ಯಾವ ಬಾಯಲ್ಲಿ ಕೇಳ್ಲಿ?"

ಸಂಜೆ ಅವನೇ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೆಟ್ಟಿಲ ಮೇಲಿಟ್ಟ. ಲೋರ್ನಾ ಬೆಂಕಿಪೊಟ್ಟಣವನ್ನು ಅವನ ಕೈಗೇ ಕೊಟ್ಟಳು. ಎರಡು ಕಡ್ಡಿ ಆರಿದವು. ಮೂರನೆಯದಕ್ಕೆ ಸೊಟ್ಟ ಹಲ್ಲು ಬೆಳಗಿತು.

ಚಾಕೊಲೇಟ್ ಚೀಲ ಹಿಡಿದು ಬಂದ, ಮಾಟಗಾತಿ ವೇಷದ ಪುಟ್ಟ ಹುಡುಗಿಯೊಬ್ಬಳು ಅದನ್ನು ಕಂಡು ಗೇಟಿನಲ್ಲೇ ನಿಂತು ಕಿಟಾರನೆ ಕಿರುಚಿದಳು.

ಗಸ್ ದೀಪವಿಲ್ಲದ ತನ್ನ ಜಗುಲಿಯ ಕಡೆ ಮುಖ ತಿರುಗಿಸಿದ.

"ಈ ಸಲಾನೂ ಅವನೇ ಗೆದ್ದ," ಎಂದ. "ಕಳ್ಳ."