ಆಷಾಢದ ಲಗ್ನಪತ್ರಿಕೆ

2025ರ ಜುಲೈ 8, ಮಂಗಳವಾರ, ಬೆಳಿಗ್ಗೆ 11.20. ಶಿರಹಟ್ಟಿ ಪೊಲೀಸ್ ಠಾಣೆಯಲ್ಲಿ ಪಿಎಸ್‌ಐ ನಾಗರತ್ನಾ ಅವರ ಮೇಜಿನ ಮೇಲೆ ಒಂದು ಲಗ್ನಪತ್ರಿಕೆಯ ಝೆರಾಕ್ಸ್ ಬಂತು. ಲಗ್ನಕ್ಕೆ ಕರೆಯಲು ಬಂದವರು ನಗುನಗುತ್ತ ಬರುತ್ತಾರೆ, ಅಕ್ಷತೆಗೆ ತಪ್ಪಿಸಬೇಡಿ ಎನ್ನುತ್ತಾರೆ. ಇದನ್ನು ತಂದ ಹುಡುಗಿ ಮೇಜಿನಂಚು ಹಿಡಿದು ನಿಂತೇ ಇದ್ದಳು.

“ಇದು ನನ್ನ ಲಗ್ನದ್ದಂತ್ರಿ ಮೇಡಂ. ಬರೋ ಐತವಾರ, ಹದಿಮೂರನೇ ತಾರೀಖು. ನನ್ನ ಲಗ್ನ ಎಲ್ಲೂ ನಿಕ್ಕಿ ಆಗಿಲ್ಲ. ವರ ಅಂತ ಹಾಕಿರೋ ಈ ಸುದೀಪ ಅನ್ನಾಂವ ಯಾರಂತ ನನಗ ಖಬರಽ ಇಲ್ಲ.”

“ಕುಂದ್ರು ತಂಗಿ. ನೀರ್ ಕುಡಿ. ಮೊದಲಿಂದ ಹೇಳು.”

ಹುಡುಗಿಯ ಹೆಸರು ವನಿತಾ. ಬೆಳ್ಳಟ್ಟಿಯ ಲಕ್ಷ್ಮಪ್ಪನ ಮಗಳು, ವಯಸ್ಸು ಇಪ್ಪತ್ತೈದು, ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಂಡರಗಿಯ ತುಂಗಾತೀರ ಸಂಶೋಧನಾ ಪೀಠದಲ್ಲಿ ಈ ವರ್ಷ ರಾಜ್ಯಶಾಸ್ತ್ರದ ಪಿಎಚ್‌ಡಿಗೆ ಇದ್ದದ್ದು ಒಂದೇ ಸೀಟು. ಅರ್ಜಿ ಹಾಕಿದವರು ಮೂವತ್ತೆಂಟು ಜನ. ಜೂನ್ 23ರಂದು ಹೊರಬಿದ್ದ ಪಟ್ಟಿಯಲ್ಲಿ ಮೊದಲನೆಯದು ಆಕೆಯ ಅರ್ಜಿ ಸಂಖ್ಯೆಯೇ. ಆದರೆ ನಿನ್ನೆ ಫೀ ತುಂಬಲು ಹೋದಾಗ ಗುಮಾಸ್ತ ಕಣ್ಣರಳಿಸಿ, “ಲಗ್ನ ವಾರದಾಗ ಇಟ್ಕೊಂಡು ಇಲ್ಲೇನ್ ಮಾಡಾಕತ್ತೀರಿ?” ಎಂದನಂತೆ. ಲಗ್ನದ ಕಾರಣ ಸೀಟು ಬೇಡವೆಂದು ಆಕೆಯ ಸಹಿ ಇದ್ದ ಒಂದು ಪತ್ರ, ಜೊತೆಗೆ ಈ ಲಗ್ನಪತ್ರಿಕೆ, ಎರಡೂ ಅಂಚೆಯಲ್ಲಿ ಬಂದಿದ್ದವು. ಸೀಟು ವೇಟಿಂಗ್ ಲಿಸ್ಟಿನ ಮೊದಲಿನವರ ಪಾಲಾಗಿತ್ತು. ಅವರು 14ನೇ ತಾರೀಖು ಸೋಮವಾರ ಸಂಜೆ ಐದರೊಳಗೆ ಫೀ ತುಂಬಿದರೆ ಅಲ್ಲಿಗೆ ಮುಗಿಯಿತು.

“ಮನ್ಯಾಗ ಏನಂತಾರ?”

“ಅಪ್ಪ ಮಾತು ಬಿಟ್ಟಾನ್ರಿ. ಬೆಂಕಿ ಇಲ್ದ ಹೊಗಿ ಆಡೂದಿಲ್ಲ, ಆ ಸುದೀಪ ಯಾಂವ ಹೇಳು ಅಂತಾನ. ಸೋಮವಾರದೊಳಗ ಸೀಟಿನ ಕಾಗದ ತೋರ್ಸು, ಇಲ್ಲಂದ್ರ ಶ್ರಾವಣದಾಗ ಸೋದರಮಾವನ ಮಗನ ಕೂಡ ಅಕ್ಷತಿ ಅಂತ ಹೇಳಿಬಿಟ್ಟಾನ.” ಹುಡುಗಿ ಅಲ್ಲಿಗೆ ಅತ್ತೇಬಿಟ್ಟಳು.

ಆಕೆಯ ಪಕ್ಕದಲ್ಲಿ ಇಸ್ತ್ರಿ ಹಾಕಿದ ಬಿಳಿ ಅಂಗಿಯ ನಡುವಯಸ್ಸಿನವರೊಬ್ಬರು ನಿಂತಿದ್ದರು.

“ನೀವ್ಯಾರ್ರಿ?”

“ಶಿವಯೋಗಿ ಅಂತ್ರಿ. ಡಿಗ್ರಿ ಕಾಲೇಜಿನ್ಯಾಗ ಅತಿಥಿ ಉಪನ್ಯಾಸಕ. ಈಕಿಗೆ ಕಲಿಸಿದಾಂವ.”

“ಸರ್ ಇಲ್ದಿದ್ರ ನಾ ಅರ್ಜಿನೂ ಹಾಕ್ತಿದ್ದಿಲ್ರಿ,” ಎಂದು ವನಿತಾ ಮೂಗೊರೆಸಿಕೊಂಡಳು. “ಸಂಶೋಧನಾ ಪ್ರಸ್ತಾವ ಆರ್ ಸಲ ತಿದ್ದಿಸಿ ಬರಸ್ಯಾರ.”

ನಾಗರತ್ನಾ ಪತ್ರಿಕೆಯನ್ನು ಇನ್ನೊಮ್ಮೆ ಓದಿದರು. ಅಜ್ಜಿ ಹುಚ್ಚವ್ವನ ಆಶೀರ್ವಾದ, ಸೋದರಮಾವ ಪುಂಡಲೀಕಪ್ಪನ ಹೆಸರು, ತೀರಿಕೊಂಡ ಚಿಕ್ಕಮ್ಮ ರಾಮವ್ವನ ಹೆಸರಿನ ಹಿಂದೆ ‘ದಿವಂಗತ’ ಕೂಡ ತಪ್ಪದೆ ಇತ್ತು.

“ನಿಮ್ಮ ಮನ್ಯಾಗ ಉಂಡವರಽ ಬರದಾರ ಇದನ್ನ,” ಎಂದರು.

“ಅರ್ಜಿಯೊಳಗ ಎಲ್ಲಾ ವಿವರ ಇರತೈತ್ರಿ ಮೇಡಂ. ಆಫೀಸಿನವರದಽ ಕೈವಾಡ ಇದ್ದೀತು,” ಎಂದರು ಶಿವಯೋಗಿ.

ಗುಮಾಸ್ತ ವನಿತಾಗೆ ತೋರಿಸಿದ್ದ ಲಕೋಟೆಯ ಮೇಲಿನ ಅಂಚೆ ಮುದ್ರೆ ಶಿರಹಟ್ಟಿಯದು, ಜೂನ್ 27ರದು. ಹಾಗಾಗಿ ಇದೇ ಠಾಣೆಯಲ್ಲಿ 12.30ಕ್ಕೆ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 91/2025. ವಂಚನೆ, ಖೊಟ್ಟಿ ದಾಖಲೆ ಸೃಷ್ಟಿ, ಅದರ ಬಳಕೆ.

ಮರುದಿನ, ಜುಲೈ 9ರಂದು ನಾಗರತ್ನಾ ಕಾನ್‌ಸ್ಟೆಬಲ್ ಸೋಮೇಶನೊಂದಿಗೆ ಮುಂಡರಗಿಗೆ ಹೋಗಿ ಪಂಚರ ಎದುರು ಆ ಪತ್ರ, ಲಕೋಟೆ, ಮೂಲ ಲಗ್ನಪತ್ರಿಕೆ ಜಪ್ತು ಮಾಡಿದರು. ವನಿತಾಳ ಅರ್ಜಿಯನ್ನೂ ತೆಗೆಸಿ ನೋಡಿದರು. ಅದರಲ್ಲಿ ತಂದೆ ತಾಯಿಯ ಹೆಸರು ಬಿಟ್ಟರೆ ಮನೆಯವರ ಹೆಸರು ಮತ್ತೊಂದಿರಲಿಲ್ಲ.

“ಪತ್ರ ಬಂದ ಮ್ಯಾಲ ಹುಡುಗಿಗೆ ಫೋನ್ ಮಾಡಿ ಕೇಳಿದ್ರೇನು?” ಎಂದು ಗುಮಾಸ್ತನನ್ನು ಕೇಳಿದರು.

“ಇಲ್ರಿ.”

“ಯಾಕ?”

“ಹುಡುಗ್ಯಾರದು ವರ್ಷಾ ಹಿಂಗಽರಿ. ಸೀಟ್ ಸಿಗತೈತಿ, ಲಗ್ನ ಆಗತೈತಿ. ಏನಂತ ಕೇಳೂದು?”

“ಇಂಥಾದಽ ಪತ್ರ ಸೀಟ್ ಸಿಕ್ಕ ಹುಡುಗಂದು ಬಂದಿದ್ರ?”

ಗುಮಾಸ್ತ ನೆಲ ನೋಡಿದ. “ಕೇಳ್ತಿದ್ದೆ ಅನಸ್ತೈತ್ರಿ.”

ನಾಗರತ್ನಾಗೆ ಮೈಯೆಲ್ಲ ಉರಿಯಿತು. ಈ ಖದೀಮ ಯಾರೇ ಇರಲಿ, ಊರಿನ ನಾಡಿ ಬಲ್ಲವನು. ಹುಡುಗಿ, ಲಗ್ನ ಎಂದುಬಿಟ್ಟರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ವೇಟಿಂಗ್ ಲಿಸ್ಟಿನ್ಯಾಗ ಮೊದಲ ಯಾರದಾರ?”

“ಪಟ್ಟ್ಯಾಗ ಬರೇ ನಂಬರ್ ಇರತಾವ್ರಿ. ಮೆಸೇಜೂ ನಂಬರಿಗೆ ತಾನಽ ಹೋಗತೈತಿ. ಹೆಸರಿನ ರಿಜಿಸ್ಟರ್, ಉಳಿದವರ ಅರ್ಜಿ ಎಲ್ಲಾ ನಿರ್ದೇಶಕರ ತಿಜೋರ್ಯಾಗ ಅದಾವ. ಅವ್ರು ದಿಲ್ಲಿಗೆ ಹೋಗ್ಯಾರ, ಸೋಮವಾರ ಮುಂಜಾನಿ ಬರ್ತಾರ.”

ನಾಗರತ್ನಾ ಲಿಖಿತ ಕೋರಿಕೆ ಕೊಟ್ಟು ಎದ್ದರು. ಸೋಮವಾರವೆಂದರೆ ಕಡೆಯ ದಿನ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆಯೇ ಸರಿ.

ಜೀಪಿನಲ್ಲಿ ಪತ್ರಿಕೆ ತಿರುವಿ ನೋಡುತ್ತಿದ್ದ ಸೋಮೇಶ ಇದ್ದಕ್ಕಿದ್ದಂತೆ, “ಮೇಡಂ, ಇದು ಆಷಾಢ ಅಲ್ರಿ?” ಎಂದ.

“ಹೌದು, ಏನೀಗ?”

“ಆಷಾಢ ಬಂತಂತ ನನ್ನ ಲಗ್ನಾನಽ ಶ್ರಾವಣಕ್ಕ ಮುಂದ ಹಾಕ್ಯಾರ್ರಿ. ರಜಾ ಅರ್ಜಿ ತಿರುಗಿ ಬರಿಯಂತ ನೀವಽ ಬೈದಿದ್ರಿ. ಹದಿಮೂರನೇ ತಾರೀಖಿಗೆ ಯಾರ ಮನ್ಯಾಗ ಅಕ್ಷತಿ ಹಾಕ್ತಾರ?”

ನಾಗರತ್ನಾ ಹಣೆ ಬಡಿದುಕೊಂಡರು. “ಅಯ್ಯ, ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತೇನ್! ಸೋಮೇಶ, ಕೆಲಸ ಹಗುರಾತಲೇ. ಆಷಾಢದ ಲಗ್ನಪತ್ರಿಕಿ ಅಚ್ಚು ಹಾಕ್ಸಿದಾಂವನ್ನ ಯಾವ ಪ್ರೆಸ್ಸಿನಾಂವನೂ ಮರಿಯೂದಿಲ್ಲ.”

“ನಮ್ಮ ರೀತಿ ರಿವಾಜು ಗೊತ್ತಿಲ್ದವ್ರು ಮಾಡಿರಬೇಕ್ರಿ.”

“ನೋಡೂಣು.”

ಗದಗ, ಬೆಟಗೇರಿ, ಶಿರಹಟ್ಟಿ, ಮುಂಡರಗಿ; ಮೂರು ದಿನ ಸೋಮೇಶ ಹದಿನೇಳು ಪ್ರೆಸ್ಸು ಸುತ್ತಿದ. ಎಲ್ಲರದೂ ಒಂದೇ ನಗು. “ಆಷಾಢದಾಗ ಲಗ್ನಪತ್ರಿಕಿ? ತಲಿ ನೆಟ್ಟಗೈತೇನ್ರಿ?”

ಐತವಾರ ಸಂಜೆ ವನಿತಾಳ ಫೋನು ಬಂತು. “ಇವತ್ತ ನನ್ನ ಲಗ್ನದ ದಿನ್ರಿ ಮೇಡಂ,” ಎಂದು ನಕ್ಕಳು; ಆ ನಗು ಕೇಳಲಾಗುವಂತಿರಲಿಲ್ಲ. “ಆ ಸುದೀಪ ಖರೇನ ಬಂದಗಿಂದಾನು ಅಂತ ಅಜ್ಜಿ ಮುಂಜಾನಿಂದ ಬಾಗಿಲಾ ಹಾಕ್ಕೊಂಡು ಕುಂತಾಳ್ರಿ. ಈಗ ನನಗೂ ಅಂಜಿಕಿ ಬರಾಕತ್ತೈತಿ.”

“ಒಬ್ಬಾಕೀನ ಎಲ್ಲೂ ಹೋಗಬ್ಯಾಡ.”

“ಇಲ್ರಿ. ಶಿವಯೋಗಿ ಸರ್ ಅದಾರಲ್ರಿ.”

ಜುಲೈ 14, ಸೋಮವಾರ, ಬೆಳಿಗ್ಗೆ 10.15. ಲಕ್ಷ್ಮೇಶ್ವರದ ಪೇಟೆಯಲ್ಲಿ ಶಫೀಕನ ಸಣ್ಣ ಪ್ರೆಸ್ಸು, ಮಗ್ಗುಲಲ್ಲೇ ಝೆರಾಕ್ಸ್. ನಾಗರತ್ನಾ ಮುಂದಿಟ್ಟ ಪತ್ರಿಕೆ ಕಂಡೊಡನೆ ಅವನ ಮುಖ ಬಾಡಿತು.

“ನಿಂದಽ ಕೆಲಸ?”

“ಹೌದ್ರಿ.”

“ಆಷಾಢದಾಗ ಲಗ್ನ ಮಾಡೂದಿಲ್ಲಂತ ನಿನಗ ಗೊತ್ತಿದ್ದಿಲ್ಲೇನು?” ಎಂದ ಸೋಮೇಶ.

“ನಮಗ ಗೊತ್ತಿಲ್ದ ಯಾರಿಗ್ ಗೊತ್ತಿರತೈತ್ರಿ?” ಶಫೀಕನಿಗೆ ರೇಗಿತು. “ನಮ್ಮಪ್ಪ ಗುಡುಸಾಬರ ಕಾಲದಿಂದ ಇದಽ ದಂಧೆ. ಆಷಾಢ ಬಂತಂದ್ರ ಇಲ್ಲಿ ನೊಣಾ ಹೊಡ್ಕೋತ ಕುಂಡ್ರತೀವಿ. ಹೊಟ್ಟಿ ಮ್ಯಾಲ ಹೊಡಿಯೋ ತಿಂಗಳು ಮರಿತೀವೇನ್ರಿ? ತಾರೀಖು ತಪ್ಪೈತಿ ಅಂತ ನಾನಽ ಹೇಳಿದೆ. ಹುಡುಗರ ನಾಟಕಕ್ಕ ಬೇಕಾಗೈತಿ, ಒಂದಽ ಪ್ರತಿ ತಗದುಕೊಡು ಅಂದ್ರು.”

“ಯಾರು ಅಂದ್ರು?”

ಶಫೀಕ ಝೆರಾಕ್ಸ್ ಯಂತ್ರದ ಮುಚ್ಚಳ ಒರೆಸತೊಡಗಿದ.

“ಅಂದ್ರು ಅಂತೀಯಲ್ಲೋ. ಯಾರವರು ಅಷ್ಟ್ ದೊಡ್ಡವ್ರು?”

“ಮೇಡಂ… ನನಗ ಬಿ.ಎ.ದಾಗ ಕಲಿಸಿದವ್ರು. ಫೀ ತುಂಬಾಕ ಆಗದಾಗ ತಾವಽ ತುಂಬಿದ್ರು. ಅವ್ರ ಹೆಸರು ನನ್ನ ಬಾಯಿಂದ ಹೇಳಸ್ಬ್ಯಾಡ್ರಿ.”

ಹೇಳಬೇಕಾಗಿಯೇ ಇರಲಿಲ್ಲ. ‘ಈಕಿಗೆ ಕಲಿಸಿದಾಂವ’ ಎಂದು ತಮ್ಮ ಮೇಜಿನ ಮುಂದೆ ನಿಂತಿದ್ದ ಬಿಳಿ ಅಂಗಿ ನಾಗರತ್ನಾಗೆ ಕಣ್ಣಿಗೆ ಕಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. “ಶಿವಯೋಗಿ,” ಎಂದರು. ಶಫೀಕ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು.

10.50. ವನಿತಾಳ ಫೋನು ಸ್ವಿಚ್ ಆಫ್. ಶಿವಯೋಗಿಯ ಫೋನು ರಿಂಗಾಗಿ ನಿಂತಿತು. ಲಕ್ಷ್ಮಪ್ಪ ಎತ್ತಿದ.

“ವನಿತಾ ಎಲ್ಲಿ ಅದಾಳ?”

“ಸರ್ ಕೂಡ ಗದಗಕ್ಕ ಹೋಗ್ಯಾಳ್ರಿ, ಮುಂಜಾನಿ ಏಳಕ್ಕ. ವಕೀಲರನ್ನ ಕಾಣೂದೈತಂತ. ಮಾರ್ಕ್ಸ್ ಕಾರ್ಡ್ ಗೀರ್ಡ್ ಎಲ್ಲಾ ಒಯ್ದಾಳ. ಯಾಕ್ರಿ ಮೇಡಂ?”

ಆಮೇಲೆ ಹೇಳುತ್ತೇನೆಂದು ನಾಗರತ್ನಾ ಫೋನಿಟ್ಟರು. ಅಷ್ಟರಲ್ಲಿ ಮುಂಡರಗಿಯ ಗುಮಾಸ್ತನ ಕರೆ. ನಿರ್ದೇಶಕರು ಬಂದಿದ್ದರು, ತಿಜೋರಿ ತೆಗೆದಿದ್ದರು. ವೇಟಿಂಗ್ ಲಿಸ್ಟಿನ ಮೊದಲ ಹೆಸರು ಶಿವಯೋಗಿ, ವಯಸ್ಸು ನಲವತ್ತನಾಲ್ಕು. ವನಿತಾಗಿಂತ ಅರ್ಧ ಅಂಕ ಕಡಿಮೆ. ಹಣ ಇವತ್ತು ಹೊಂದಿತು, ಮಧ್ಯಾಹ್ನ ಮೂರಕ್ಕೆ ಫೀ ತುಂಬಲು ಬರುತ್ತೇನೆ ಎಂದು ಫೋನು ಮಾಡಿದ್ದರಂತೆ.

ಗುರು ಶಿಷ್ಯೆ ಒಂದೇ ಸೀಟಿಗೆ ಅರ್ಜಿ ಹಾಕಿದ್ದರು. ಶಿಷ್ಯೆಗೆ ಅದು ಗೊತ್ತಿರಲಿಲ್ಲ.

“ಆಕೀನ ಏನ್ ಮಾಡ್ಯಾನ್ರಿ?” ಎಂದ ಸೋಮೇಶ.

“ಸುಮ್ನ ಗಾಡಿ ಹೊಡಿ.”

ವನಿತಾಳ ಫೋನು ಕಡೆಯದಾಗಿ ಸಿಕ್ಕದ್ದು 8.05ಕ್ಕೆ, ಗದಗ ರೈಲು ನಿಲ್ದಾಣದ ಟವರಿನಲ್ಲಿ. ಆ ಮಾಹಿತಿ ಬಂದಾಗಿನಿಂದ ನಾಗರತ್ನಾ ಅವರ ಕಣ್ಣಮುಂದೆ ಹಳಿಗಳೇ ಹಳಿಗಳು. ರೈಲ್ವೆ ಪೊಲೀಸರಿಗೆ ಫೋನು ಮಾಡಿ, ಬೆಳಗಿನಿಂದ ಏನಾದರೂ ಆಗಿದೆಯೇ ಎಂದು ಕೇಳಿದರು. ‘ಏನಾದರೂ’ ಎಂದರೆ ಏನೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಇಲ್ಲ ಎಂದರು. ದೇವರೇ, ಇಲ್ಲವೆಂಬುದೇ ಖರೆಯಾಗಲಿ ಎಂದು ಅವರು ದಾರಿಯುದ್ದಕ್ಕೂ ಬೇಡಿಕೊಂಡರು.

12.10. ಗದಗ ನಿಲ್ದಾಣದ ಹೆಂಗಸರ ವಿಶ್ರಾಂತಿ ಕೋಣೆಯ ಮೂಲೆಯ ಬೆಂಚಿನಲ್ಲಿ ವನಿತಾ ಕುಳಿತಿದ್ದಳು. ಮಡಿಲಲ್ಲಿ ಒಂದು ಖಾಲಿ ಚೀಲ.

ನಾಗರತ್ನಾ ಆಕೆಯ ಹೆಗಲು ಗಟ್ಟಿಯಾಗಿ ಹಿಡಿದರು. “ಇಲ್ಲೇನ್ ಮಾಡಾಕತ್ತೀ?”

“ವಕೀಲರು ಹುಬ್ಬಳ್ಳಿ ಗಾಡಿಗೆ ಬರ್ತಾರಂತ್ರಿ. ನಾ ಬರೂಮಟ ಇಲ್ಲೇ ಕುಂದ್ರು ಅಂದಾರ ಸರ್. ಅಪ್ಪ ಫೋನ್ ಮಾಡಿ ಬೈದ್ರ ಮನಸ್ಸು ಕೆಡತೈತಿ, ಆಫ್ ಮಾಡು ಅಂದ್ರು.”

“ಫೈಲ್?”

“ಸಹಿ ಮಾಡ್ಸಾಕ ಸರ್ ಒಯ್ದಾರ. ಬರ್ತಾರ್ರಿ, ಜಲ್ದಿ ಬರ್ತೀನಂದಾರ.”

ನಾಲ್ಕು ತಾಸಿನಿಂದ ಹುಡುಗಿ ನೀರಿಗೂ ಎದ್ದಿರಲಿಲ್ಲ. ನಾಗರತ್ನಾ ಆಕೆಗೆ ಮೊದಲು ಎರಡು ಇಡ್ಲಿ ತಿನ್ನಿಸಿದರು. ಆಮೇಲೆ ಎಲ್ಲ ಹೇಳಿದರು; ಸಂಜೆ ಐದು ದಾಟುವವರೆಗೆ ಆಕೆ ಮುಂಡರಗಿ ಮುಟ್ಟದಿರಲೆಂದೇ ಇಲ್ಲಿ ಕೂರಿಸಿ ಹೋದದ್ದನ್ನೂ. ವನಿತಾ ಕಿರುಚಲಿಲ್ಲ, ಅಳಲಿಲ್ಲ. “ಎಳ್ಳಮಾಸಿ ಹಬ್ಬಕ್ಕ ನಮ್ಮ ಹೊಲದಾಗ ಉಂಡಾರ್ರಿ ಅವ್ರು,” ಎಂದಷ್ಟೇ ಅಂದಳು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಮುಂಡರಗಿಗೆ ಹೊರಟ ಜೀಪು ಹತ್ತಿದಳು.

ಸಂಶೋಧನಾ ಪೀಠದ ಫೀ ಕೌಂಟರಿನ ಮುಂದೆ 3.05ಕ್ಕೆ ಶಿವಯೋಗಿ ಸಿಕ್ಕರು. ಅದೇ ಬಿಳಿ ಅಂಗಿ. ನಾಗರತ್ನಾ ಒಬ್ಬರೇ ಬಳಿಗೆ ಹೋಗಿ ತೋಳು ಹಿಡಿದರೆ ಕೊಸರಾಡಲಿಲ್ಲ, ಓಡಲಿಲ್ಲ.

“ಐದ್ ನಿಮಿಷ ಕೊಡ್ರಿ ಮೇಡಂ,” ಎಂದರು ಮೆಲ್ಲಗೆ. “ಫೀ ತುಂಬಿ ಬಂದುಬಿಡ್ತೀನಿ.”

ನಾಗರತ್ನಾಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೇಸಿಗೆಯೋ ಕನಿಕರವೋ ಅವರಿಗೇ ತಿಳಿಯಲಿಲ್ಲ. 3.10ಕ್ಕೆ ದಸ್ತಗಿರಿ. ಅವರ ಚೀಲದಲ್ಲಿ ಎರಡು ಫೈಲು: ಒಂದು ಅವರದು, ಇನ್ನೊಂದು ವನಿತಾಳದು. ಆಕೆಯದರಲ್ಲಿ ಒಂದು ಹಾಳೆಯೂ ಕೆಟ್ಟಿರಲಿಲ್ಲ. ಪಂಚನಾಮೆ ಬರೆದು ಮುಗಿಸಿ, ಸೀಟು ಬೇಡವೆಂಬ ಪತ್ರ ಖೊಟ್ಟಿ ಎಂದು ನಾಗರತ್ನಾ ನಿರ್ದೇಶಕರಿಗೆ ಲಿಖಿತವಾಗಿ ಕೊಟ್ಟರು. 4.40ಕ್ಕೆ ವನಿತಾ ಫೀ ತುಂಬಿ ರಸೀದಿ ಪಡೆದಳು. ರಸೀದಿಯ ಫೋಟೋ ಅಪ್ಪನಿಗೆ ಕಳಿಸಿದ್ದು ಸೋಮೇಶ. ಆಕೆ ರಸೀದಿಯನ್ನು ಮತ್ತೆ ಮತ್ತೆ ಓದುತ್ತಿದ್ದಳು.

ಶಿವಯೋಗಿಯ ಹೇಳಿಕೆ ದಾಖಲಾದದ್ದು ಶಿರಹಟ್ಟಿ ಠಾಣೆಯಲ್ಲಿ, ಸಂಜೆ 6.30ಕ್ಕೆ.

“ಲಗ್ನಕ್ಕ ಹದಿಮೂರನೇ ತಾರೀಖಽ ಯಾಕ?”

“ಐತವಾರ ಇತ್ತಲ್ರಿ. ಎಲ್ಲಾರಿಗೂ ಸೂಟಿ ಇರತೈತಿ ಅಂತ ಹಾಕಿದೆ. ಶಫೀಕ ತಪ್ಪೈತಿ ಅಂದಾಗ ನಾಟಕಕ್ಕ ಅಂದುಬಿಟ್ಟೆ, ಆಮ್ಯಾಲ ಬದಲಿಸಾಕ ಆಗಲಿಲ್ಲ. ನಮ್ಮ ಮನ್ಯಾಗ ಪಂಚಾಂಗ ತಗದು ನೋಡೋ ಪ್ರಸಂಗ ಬರಲಿಲ್ರಿ. ಅತಿಥಿ ಉಪನ್ಯಾಸಕಗ ಯಾರು ಹೆಣ್ಣು ಕೊಡ್ತಾರ?”

“ಆಕಿ ಫೈಲ್ ಯಾಕ ಇಟ್ಕೊಂಡಿದ್ರಿ?”

“ಸುಡಬೇಕಂತಽ ತಗೊಂಡಿದ್ದೆ. ತಗದು ನೋಡಿದೆ. ನನ್ನ ಪೇಪರಿನ್ಯಾಗ ತೊಂಬತ್ನಾಲ್ಕು ತಗೊಂಡಾಳ್ರಿ ಹುಡುಗಿ. ಸುಡಾಕ ಆಗಲಿಲ್ಲ.”

“ಅಷ್ಟ ಅಭಿಮಾನ ಇದ್ದಾಂವ ಹಿಂಗ ಮಾಡ್ತಾನೇನು?”

“ಹದಿನೇಳು ವರ್ಷ ಕಲಿಸಿದೆ. ಮುಂದಿನ ವರ್ಷದಿಂದ ಪಿಎಚ್‌ಡಿಗೆ ಸೇರಿರದಿದ್ರ ಕಾಲೇಜಿನ ಮೆಟ್ಟಲಾ ಹತ್ತಬ್ಯಾಡ ಅಂದಾರ. ಸಂದರ್ಶನಕ್ಕ ಹೋದೆ, ಈಕಿದು ಮುಗದ ಮರುದಿನ. ಎದುರಿಗೆ ಕುಂತ ತಜ್ಞ ಯಾರ್ರಿ? ನನ್ನ ವಿದ್ಯಾರ್ಥಿ. ಅಂವ ಒಳಗ ಬಂದಾಗ ನಾ ಎದ್ದು ನಿಂತೆ. ಅಂವ ಕುಂಡ್ರಿ ಅನ್ನಲಿಲ್ಲ. ‘ಈ ವಯಸ್ಸಿನ್ಯಾಗ ಯಾಕ್ರಿ ಸರ್?’ ಅಂದು ನಕ್ಕ. ಎಲ್ಲಾರೂ ನಕ್ಕರು. ಅವನ ಮ್ಯಾಲ ಏನೂ ಮಾಡಾಕ ಆಗಲಿಲ್ರಿ. ಈಕಿ ಕೈಗೆ ಸಿಕ್ಕಳು.”

ನಾಗರತ್ನಾ ಅದನ್ನು ಹಾಗೆಯೇ ಬರೆದುಕೊಂಡರು, ಒಂದು ಅಕ್ಷರ ಬಿಡದೆ.

ಫೈಲನ್ನು ಗುರುತಿಸಲು ವನಿತಾಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಕೈಕೋಳ ಹಾಕಿದ ಶಿವಯೋಗಿಯನ್ನು ಸೋಮೇಶ ಆ ದಾರಿಯಲ್ಲೇ ಕರೆತಂದ. ಅವರು ಬರುತ್ತಿದ್ದಂತೆ ವನಿತಾ ದಡಕ್ಕನೆ ಎದ್ದು ನಿಂತಳು. ವರ್ಷಗಟ್ಟಲೆ ರೂಢಿ, ಕಾಲಿಗೆ ಹೇಗೆ ತಿಳಿಯಬೇಕು?

ಶಿವಯೋಗಿ ಆಕೆಯ ಮುಖ ನೋಡಲಾರದೆ, “ಕುಂದ್ರವ್ವಾ,” ಎಂದರು.

ಆಕೆ ಕೂರಲಿಲ್ಲ. ಅವರು ಲಾಕಪ್ಪಿನ ಬಾಗಿಲು ದಾಟುವವರೆಗೂ ಹಾಗೆಯೇ ನಿಂತಿದ್ದಳು. ಆಮೇಲೆ ಒಳಗೆ ಬಂದು ಪೆನ್ನು ಕೇಳಿ, ತೋರಿಸಿದಲ್ಲಿ ಸಹಿ ಹಾಕಿದಳು.