ಗಂಧಕನುಂಗಿ

ಇದು ಎರಡು ಸಾವಿರದ ನಲವತ್ತೊಂಬತ್ತನೆಯ ಇಸವಿಯಲ್ಲಿ, ಮೈಸೂರಿನಲ್ಲಿ, ನಿಜವಾಗಿ ನಡೆದದ್ದು. ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನ್ನ ಕಾಫಿಯಲ್ಲಿ ಸಕ್ಕರೆ ಕರಗದಿರಲಿ.

ಚಿಕ್ಕತಾಯಿಯ ಅಡುಗೆಮನೆಯ ಗೋಡೆಯ ಮೇಲೆ ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಒಲೆಯ ಮೇಲೆ ಮೊಟ್ಟೆ ಬೇಯುತ್ತಿತ್ತು, ವಾಸನೆ ಮಾತ್ರ ಇಲ್ಲ. ಅವಳು ಸಿಟಿ ಬಸ್ಸಿನ ಕಂಡಕ್ಟರ್, ಮೂರು ತಿಂಗಳ ಬಸುರಿ. ದಿನಕ್ಕೆರಡು ಮೊಟ್ಟೆ ತಿನ್ನಲೇಬೇಕೆಂದು ಡಾಕ್ಟರು ಹೇಳಿದ್ದರು. ಐದು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಯಾರಿಗೂ ಹೇಳಬಾರದೆಂದು ಅತ್ತೆ ಹೇಳಿದ್ದಳು. ಮೊಟ್ಟೆ ಮುಟ್ಟುವುದಿಲ್ಲವೆಂಬ ಮಾತಿನ ಮೇಲೆಯೇ ಕೆಳಗಿನ ಮನೆಯ ಅಲಮೇಲಮ್ಮ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದರು. ವಾಸನೆ ಕೆಳಗಿಳಿದರೆ ಮನೆ ಹೋಯಿತು. ಗಂಡ ಲಾರಿಯೊಂದಿಗೆ ಊರೂರು ತಿರುಗುವವನು; ಬಸುರಿ ಒಬ್ಬಳೇ ಮನೆ ಹುಡುಕುವುದೆಲ್ಲಿ?

ಪೆಟ್ಟಿಗೆ ಕೊಟ್ಟವರು ಅವಳ ಬಸ್ಸಿನಲ್ಲೇ ಓಡಾಡುವ ವಿಜ್ಞಾನಿ ಜೋಯಪ್ಪ.

"ಒಳಗೇನಿದೆ ಸಾರ್, ಊದುಬತ್ತಿನಾ?" ಎಂದು ಕೊಟ್ಟ ದಿನವೇ ಚಿಕ್ಕತಾಯಿ ಕೇಳಿದ್ದಳು.

"ಕಿಣ್ವ ಕಣಮ್ಮ. ಹೊಟ್ಟೇಲಿ ಅನ್ನ ಕರಗಿಸುತ್ತಲ್ಲ, ಆ ಜಾತೀದು. ಬಿಸಿನೀರಿನ ಬುಗ್ಗೇಲಿ ಗಂಧಕ ತಿಂದೇ ಬದುಕೋ ಸೂಕ್ಷ್ಮಜೀವಿ ಇದೆ, ಅದರಿಂದ ತೆಗೆದಿದ್ದು. ಮೊಟ್ಟೆ, ಮೂಲಂಗಿ, ಎಲ್ಲದರ ನಾತಕ್ಕೂ ಗಂಧಕವೇ ಮೂಲ. ನನ್ನ ಗಂಧಕನುಂಗಿ ಅದನ್ನ ಗಾಳೀಲೇ ಮುರಿದು ಹಾಕುತ್ತೆ."

"ನಮ್ಮ ಬಸ್ಸಿಗೂ ಒಂದು ಹಾಕಿಬಿಡಿ ಸಾರ್, ಸಂಜೆ ಟ್ರಿಪ್ಪಿಗೆ."

ಅಲಮೇಲಮ್ಮ ದಿನವೂ ಮೆಟ್ಟಿಲ ಮೇಲೆ ನಿಂತು ಮೂಗರಳಿಸಿದರು. ಚಿಕ್ಕತಾಯಿ ಮೂಲಂಗಿ ಹುಳಿ ಮಾಡಿದ ದಿನವೂ ವಾಸನೆ ಬಾರದಿದ್ದಾಗ ಅವರ ಅನುಮಾನ ಹೆಚ್ಚಿತು. ಮೂಗನ್ನು ನೆಚ್ಚಿ ಫಲವಿಲ್ಲವೆಂದು, ಮೊಟ್ಟೆ ಒಡೆಯುವ ಸದ್ದಿಗಾಗಿ ಬಾಗಿಲಿಗೆ ಕಿವಿಗೊಡತೊಡಗಿದರು.

ಒಂದು ಬೆಳಿಗ್ಗೆ ಸುಯ್ಯೆಂಬ ಸದ್ದು ಕೇಳಿಸಿತು. ಬಾಗಿಲು ತಳ್ಳಿ ಒಳಗೆ ನುಗ್ಗಿದರು. ಆಗಷ್ಟೇ ಸ್ನಾನ ಮುಗಿಸಿ ಬಂದ ಚಿಕ್ಕತಾಯಿಯ ಕೈಯಲ್ಲಿ ಲೈಟರ್ ಇತ್ತು.

"ಒತ್ತಬೇಡ, ಕೆಳಗಿಡು. ಗ್ಯಾಸ್ ಸೋರ್ತಿದೆ."

"ವಾಸನೇನೇ ಇಲ್ವಲ್ಲಮ್ಮ."

"ಕಿವಿ ಇದೆಯಲ್ಲ?"

ಅಲಮೇಲಮ್ಮ ರೆಗ್ಯುಲೇಟರ್ ತಿರುಗಿಸಿ, ಕಿಟಕಿಗಳನ್ನೆಲ್ಲ ತೆಗೆದರು. ಚಿಕ್ಕತಾಯಿ ಫೋನು ಮಾಡಿದಾಗ ಓಡಿಬಂದ ಜೋಯಪ್ಪ ಸುದ್ದಿ ಕೇಳಿ ಮೊದಲು ಪೆಟ್ಟಿಗೆಯನ್ನು ಆರಿಸಿದರು. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ; ಸೋರಿದರೆ ತಿಳಿಯಲೆಂದು ಗಂಧಕದ ನಾತವನ್ನು ಬೆರೆಸಿರುತ್ತಾರೆ. ಪೆಟ್ಟಿಗೆ ಅದನ್ನೂ ನುಂಗಿತ್ತು.

"ಇದು ನನಗೆ ಹೊಳೀಲೇ ಇಲ್ಲ," ಎಂದರು.

ಆಗ ಅಲಮೇಲಮ್ಮನ ಕಣ್ಣು ಮೊಟ್ಟೆಯ ಟ್ರೇ ಮೇಲೆ ಬಿತ್ತು. ಚಿಕ್ಕತಾಯಿ ಮೊಟ್ಟೆ ತಿನ್ನುತ್ತಿರುವುದನ್ನು ಒಪ್ಪಿಕೊಂಡಳು. ಬಸುರಿನ ವಿಷಯವನ್ನೂ ಹೇಳಿ, "ನಾಳೇನೇ ಖಾಲಿ ಮಾಡ್ತೀನಮ್ಮ," ಎಂದಳು.

"ಇದನ್ನ ಮೊದಲೇ ಹೇಳಬಾರದಿತ್ತೇನೇ? ಆ ಡಬ್ಬಿ ಈ ಮಹಾರಾಯರಿಗೇ ಕೊಟ್ಟು ಕಳಿಸು. ಕಿಟಕಿ ತೆಗೆದೇ ಬೇಯಿಸು. ದಿನಾ ಎಂಟು ಗಂಟೆಗೆ ನನಗೆ ವಾಸನೆ ಬರಬೇಕು. ಬರದ ದಿನ ಮೇಲೆ ಬಂದು ನೋಡ್ತೀನಿ."

ಅಂದಿನಿಂದ ಅಲಮೇಲಮ್ಮ ಮೂಗಿಗೆ ಸೆರಗು ಹಿಡಿದು ಎಂಟು ಗಂಟೆಗಾಗಿ ಕಾಯುತ್ತಾರೆ. ನಾತ ಬಂದಮೇಲೆ, ಹುಡುಗಿ ಚೆನ್ನಾಗಿದ್ದಾಳೆಂದು ದೇವರಿಗೆ ದೀಪ ಹಚ್ಚುತ್ತಾರೆ.

ನಂಬಿದಿರಿ ತಾನೆ? ಹಾಗಾದರೆ ನಿಮ್ಮ ಮಹಡಿ ಖಾಲಿಯಿದೆಯಂತೆ, ಬೀಗದ ಕೈ ಇತ್ತ ಕೊಡಿ. ನಾನು ಮೊಟ್ಟೆ ಮುಟ್ಟುವುದಿಲ್ಲ. ಮೀನಿನ ವಿಷಯ ಮಾತ್ರ ಕೇಳಬೇಡಿ.